ನೀರಿನ ಮಾತ್ರೆ, ಬಸ್ ನಿಲ್ದಾಣ ಮತ್ತು ನಿಮ್ಮ ಕಾರ್ಪೊರೇಟರ್

"ಯವ್ವಾ, ನಾಳೆ ದವಾಖಾನಿಗೆ ಹೋಗೂದೈತಿ. ಈ ಗುಳಿಗಿ ಒಂದಿನ ಬಿಟ್ರ ನಡೀತೈತೇನು?"

ಕೆಲವು ವರ್ಷಗಳ ಹಿಂದೆ ಮಹಾರಾಷ್ಟ್ರದ ಒಂದು ಊರಿನಲ್ಲಿ ಔಷಧ ಅಂಗಡಿಯ ಕೌಂಟರಿನಲ್ಲಿ ನಿಂತಿದ್ದಾಗ ವಿಜಯಪುರದ ಕಡೆಯ ಅಜ್ಜಿಯೊಬ್ಬರು ಕೇಳಿದ ಪ್ರಶ್ನೆ ಇದು. ಕೈಯಲ್ಲಿದ್ದದ್ದು ಫ್ಯುರೋಸೆಮೈಡ್. ಹೃದಯದ ತೊಂದರೆಯಿಂದ ಕಾಲಿಗೆ, ಶ್ವಾಸಕೋಶಕ್ಕೆ ನೀರು ಸೇರುವವರಿಗೆ ಕೊಡುವ, ಜನ 'ನೀರಿನ ಮಾತ್ರೆ' ಎಂದು ಕರೆಯುವ ಔಷಧ. ಯಾಕೆ ಬಿಡಬೇಕು ಅಜ್ಜಿ ಎಂದು ಕೇಳಿದೆ. ಬಸ್ಸಿಗೆ ಕಾಯಬೇಕು, ಬಸ್ಸಿನಲ್ಲಿ ಮುಕ್ಕಾಲು ಗಂಟೆ ಕೂರಬೇಕು, ದಾರಿಯಲ್ಲಿ ಎಲ್ಲೂ ಹೋಗಲು ಜಾಗವಿಲ್ಲ ಎಂದರು. ಹೃದಯ ತಜ್ಞರನ್ನು ನೋಡುವ ದಿನವೇ ಹೃದಯದ ಮಾತ್ರೆ ತಪ್ಪುತ್ತಿತ್ತು.

ಇದು ಆರೋಗ್ಯದ ಪುಟ, ಆದ್ದರಿಂದ ಉತ್ತರ ಮೊದಲು ಹೇಳಿಬಿಡುತ್ತೇನೆ. ನೀರಿನ ಮಾತ್ರೆಯನ್ನು ನೀವಾಗಿಯೇ ಬಿಡಬೇಡಿ. ಫ್ಯುರೋಸೆಮೈಡ್ ನುಂಗಿದ ಒಂದು ಗಂಟೆಯೊಳಗೆ ಕೆಲಸ ಶುರುಮಾಡುತ್ತದೆ, ಒಂದೆರಡು ಗಂಟೆಯಲ್ಲಿ ಜೋರಾಗುತ್ತದೆ, ಆರರಿಂದ ಎಂಟು ಗಂಟೆ ಇರುತ್ತದೆ. ಪ್ರಯಾಣದ ದಿನ ಹೊತ್ತು ಬದಲಿಸಬಹುದೇ ಎಂದು ನಿಮ್ಮ ವೈದ್ಯರನ್ನು ಕೇಳಿ; ಮನೆಗೆ ಬಂದ ಮೇಲೆ ತೆಗೆದುಕೊಳ್ಳಿ ಎಂದು ಅವರು ಹೇಳಬಹುದು. ಕ್ಲೋರ್ಥಾಲಿಡೋನ್‌ನಂಥ ಮಾತ್ರೆ ದಿನವಿಡೀ ಕೆಲಸ ಮಾಡುವುದರಿಂದ ಅದಕ್ಕೆ ಈ ಉಪಾಯ ಅಷ್ಟಾಗಿ ಸಾಗದು.

ಆದರೆ ಅಜ್ಜಿಯ ಪ್ರಶ್ನೆಯ ಅರ್ಧ ಭಾಗ ವೈದ್ಯರಿಗೆ ಸೇರಿದ್ದಲ್ಲ, ನನಗೂ ಸೇರಿದ್ದಲ್ಲ. ಬಸ್ ನಿಲ್ದಾಣದ ಪಕ್ಕ ಶೌಚಾಲಯ ಯಾಕಿಲ್ಲ ಎಂಬುದಕ್ಕೆ ಉತ್ತರ ಕೊಡಬೇಕಾದವರು ಬೇರೆ. ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರದಲ್ಲಿ ಅಂಥವರು ವರ್ಷಗಟ್ಟಲೆ ಇರಲೇ ಇಲ್ಲ. ಈಗ ಬಂದಿದ್ದಾರೆ.

ಏನಾಗಿತ್ತು?

2026ರ ಜನವರಿ 15ರಂದು ಮಹಾರಾಷ್ಟ್ರದ 29 ಮಹಾನಗರ ಪಾಲಿಕೆಗಳಿಗೆ ಮತದಾನ ನಡೆಯಿತು. ನಾಸಿಕ್‌ನಲ್ಲಿ 31 ಪ್ರಭಾಗ, 122 ಸದಸ್ಯರು. 2023ರವರೆಗೆ ಔರಂಗಾಬಾದ್ ಎಂದು ಕರೆಯುತ್ತಿದ್ದ ಛತ್ರಪತಿ ಸಂಭಾಜಿನಗರದಲ್ಲಿ 29 ಪ್ರಭಾಗ, 115 ಸದಸ್ಯರು. ಯಾವ ಪಕ್ಷಕ್ಕೆ ಎಷ್ಟು ಸೀಟು ಎಂಬ ಲೆಕ್ಕವನ್ನು ನೀವು ಬೇರೆ ಕಡೆ ಸಾಕಷ್ಟು ಓದಿರುತ್ತೀರಿ. ನನ್ನ ಗಮನ ಹೋದದ್ದು ಇನ್ನೊಂದು ಲೆಕ್ಕದ ಕಡೆಗೆ. ಸಂಭಾಜಿನಗರದ ಹಿಂದಿನ ಸದಸ್ಯರ ಅವಧಿ ಮುಗಿದದ್ದು 2020ರ ಏಪ್ರಿಲ್‌ನಲ್ಲಿ. ನಾಸಿಕ್‌ನಲ್ಲಿ 2022ರ ಮಾರ್ಚ್‌ನಲ್ಲಿ. ಅಂದರೆ ಒಂದು ನಗರದಲ್ಲಿ ಐದು ಮುಕ್ಕಾಲು ವರ್ಷ, ಇನ್ನೊಂದರಲ್ಲಿ ನಾಲ್ಕು ವರ್ಷಕ್ಕೆ ಸ್ವಲ್ಪ ಕಡಿಮೆ, ಚುನಾಯಿತ ಪ್ರತಿನಿಧಿ ಒಬ್ಬರೂ ಇರಲಿಲ್ಲ.

ಸಂವಿಧಾನದ 243ಯು ವಿಧಿ ಪಾಲಿಕೆಯ ಅವಧಿ ಐದು ವರ್ಷ ಎನ್ನುತ್ತದೆ. ಅದು ಮುಗಿಯುವ ಮೊದಲೇ ಚುನಾವಣೆ ಆಗಬೇಕು ಎನ್ನುತ್ತದೆ. ಮೊದಲು ಕೋವಿಡ್, ಆಮೇಲೆ ಹಿಂದುಳಿದ ವರ್ಗಗಳ ಮೀಸಲಾತಿ ಮತ್ತು ವಾರ್ಡ್ ವಿಂಗಡಣೆಯ ವ್ಯಾಜ್ಯ. ಕೊನೆಗೆ 2025ರ ಮೇ 6ರಂದು ಸುಪ್ರೀಂ ಕೋರ್ಟ್ ನಾಲ್ಕು ತಿಂಗಳೊಳಗೆ ಚುನಾವಣೆ ಮುಗಿಸಿ ಎಂದಿತು, ಆಮೇಲೆ 2026ರ ಜನವರಿ 31ರವರೆಗೆ ಗಡುವು ವಿಸ್ತರಿಸಿತು. ಕರ್ನಾಟಕದ ಓದುಗರು ನಗುವ ಹಾಗಿಲ್ಲ. ಬೆಂಗಳೂರಿನ ಹಿಂದಿನ ಪಾಲಿಕೆಯ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. ಅದಾಗಿ ಐದು ವರ್ಷಕ್ಕೆ, 2025ರ ಸೆಪ್ಟೆಂಬರ್‌ನಲ್ಲಿ, ಪಾಲಿಕೆಯೇ ಐದು ಭಾಗವಾಯಿತು. ಅಷ್ಟರವರೆಗೂ ಚುನಾವಣೆ ಆಗಲಿಲ್ಲ.

ಈ ಅವಧಿಯಲ್ಲಿ ಪಾಲಿಕೆ ನಿಂತುಹೋಗಿರಲಿಲ್ಲ. ಆಯುಕ್ತರೇ ಆಡಳಿತಾಧಿಕಾರಿ. ಪ್ರಸ್ತಾವ ತರುವವರು ಅವರು, ಸ್ಥಾಯಿ ಸಮಿತಿಯ ಪರವಾಗಿ ಮಂಜೂರು ಮಾಡುವವರೂ ಅವರೇ. ಕಡತ ಒಂದೇ ಮೇಜಿನ ಎಡದಿಂದ ಬಲಕ್ಕೆ ಹೋಗುತ್ತಿತ್ತು.

ನಗರಸೇವಕ ಎಂದರೆ ಯಾರು?

ಕನ್ನಡದಲ್ಲಿ ನಾವು 'ಕಾರ್ಪೊರೇಟರ್' ಎನ್ನುತ್ತೇವೆ, ಕಾಗದದ ಮೇಲೆ 'ಪಾಲಿಕೆ ಸದಸ್ಯ'. ಮರಾಠಿಯಲ್ಲಿ 'ನಗರಸೇವಕ'. ಅನುವಾದ ಮಾಡುವವಳಾಗಿ ನನಗೆ ಮೂರನೆಯದು ಇಷ್ಟ, ಆದರೆ ಅದರಿಂದ ಒಂದು ತಪ್ಪು ಕಲ್ಪನೆಯೂ ಬರುತ್ತದೆ. ಸೇವಕ ಎಂದಮೇಲೆ ಕರೆದರೆ ಬಂದು ಗುಂಡಿ ಮುಚ್ಚಿಸಬೇಕು ಎಂದುಕೊಳ್ಳುತ್ತೇವೆ. ಕಾನೂನಿನ ಪ್ರಕಾರ ಅವರ ಕೈಯಲ್ಲಿ ಗುದ್ದಲಿಯೂ ಇಲ್ಲ, ಜೆಸಿಬಿಯೂ ಇಲ್ಲ, ಎಂಜಿನಿಯರ್‌ಗೆ ನೇರ ಆದೇಶ ಕೊಡುವ ಅಧಿಕಾರವೂ ಇಲ್ಲ. ಕಾರ್ಯಾಂಗದ ಅಧಿಕಾರ ಆಯುಕ್ತರದ್ದು. ಸದಸ್ಯರಿಗಿರುವುದು ಮೇಜಿನ ಸುತ್ತ ಒಂದು ಕುರ್ಚಿ. ಯಾವ ಮೇಜು ಎಂಬುದನ್ನು ತಿಳಿದುಕೊಂಡರೆ ನಿಮ್ಮ ಅರ್ಜಿ ಅರ್ಧ ಗೆದ್ದ ಹಾಗೆ.

ಮಹಾರಾಷ್ಟ್ರ ಮಹಾನಗರ ಪಾಲಿಕೆ ಕಾಯ್ದೆ 1949ರದ್ದು. ಅದರ ಪ್ರಕಾರ ಸಾರ್ವಜನಿಕ ರಸ್ತೆಗಳ ನಿರ್ಮಾಣ, ನಿರ್ವಹಣೆ, ದೀಪ, ಸಾರ್ವಜನಿಕ ಶೌಚಾಲಯ ಇವೆಲ್ಲ ಪಾಲಿಕೆಯ ಕಡ್ಡಾಯ ಕರ್ತವ್ಯಗಳು. ಬಸ್ ಓಡಿಸುವುದು ಐಚ್ಛಿಕ. ಈ ವ್ಯತ್ಯಾಸ ಮುಖ್ಯ: ಹಣ ಇಲ್ಲ ಎಂದಾಗ ಮೊದಲು ಪ್ರಶ್ನೆಗೆ ಬರುವುದು ಐಚ್ಛಿಕವಾದದ್ದೇ. ಇನ್ನು ಸಂವಿಧಾನದ ಹನ್ನೆರಡನೆಯ ಅನುಸೂಚಿ, ನಗರಾಡಳಿತಕ್ಕೆ ವಹಿಸಬಹುದಾದ 18 ವಿಷಯಗಳ ಪಟ್ಟಿ. ಅದರ 17ನೆಯ ನಮೂದಿನಲ್ಲಿ ಬೀದಿದೀಪ, ವಾಹನ ನಿಲುಗಡೆ, ಬಸ್ ನಿಲ್ದಾಣ ಮತ್ತು ಸಾರ್ವಜನಿಕ ಶೌಚಾಲಯ ಒಂದೇ ಸಾಲಿನಲ್ಲಿ ಬರುತ್ತವೆ. ಅದನ್ನು ಓದಿದಾಗ ನನಗೆ ಆ ಅಜ್ಜಿಯ ನೆನಪಾಯಿತು. ಕಾಗದದ ಮೇಲೆ ಅಕ್ಕಪಕ್ಕ ಇಟ್ಟದ್ದನ್ನು ಬೀದಿಯಲ್ಲಿ ಅಕ್ಕಪಕ್ಕ ಇಡುವುದು ಇಷ್ಟು ಕಷ್ಟವೇ?

ಮೇಜುಗಳ ವಿಷಯಕ್ಕೆ ಬರೋಣ. ಎಲ್ಲ ಸದಸ್ಯರೂ ಇರುವುದು ಮಹಾಸಭೆ. ನಾವು ಸಾಮಾನ್ಯ ಸಭೆ ಎನ್ನುವುದು. ನೀತಿ, ಬಜೆಟ್, ಪ್ರಶ್ನೋತ್ತರ ಅಲ್ಲಿ. ಹಣದ ಕೀಲಿ ಇರುವುದು 16 ಸದಸ್ಯರ ಸ್ಥಾಯಿ ಸಮಿತಿಯಲ್ಲಿ. ದೊಡ್ಡ ಟೆಂಡರ್‌ಗಳು ಅದರ ಮುಂದೆ ಬರುತ್ತವೆ, ಆಯುಕ್ತರ ಬಜೆಟ್ ಕರಡು ಮೊದಲು ಅಲ್ಲಿಗೇ ಹೋಗುತ್ತದೆ. ಮೂರನೆಯದು ಯಾರೂ ಹೆಚ್ಚು ಮಾತಾಡದ ಪ್ರಭಾಗ ಸಮಿತಿ, ಅಂದರೆ ವಾರ್ಡ್‌ಗಳ ಸಮಿತಿ. ಕಾಯ್ದೆಯ 29ಎ ಕಲಂ ಪ್ರಕಾರ, ಬಜೆಟ್‌ನಲ್ಲಿ ಅವಕಾಶ ಇದ್ದರೆ, 5 ಲಕ್ಷ ರೂಪಾಯಿವರೆಗಿನ ಕಾಮಗಾರಿಗೆ ಈ ಸಮಿತಿಯೇ ಮಂಜೂರಾತಿ ಕೊಡಬಹುದು. ಸ್ವಯಂಸೇವಾ ಸಂಸ್ಥೆಗಳ ಮೂವರವರೆಗೆ ಪ್ರತಿನಿಧಿಗಳನ್ನು ಅದಕ್ಕೆ ನಾಮಕರಣ ಮಾಡಬಹುದು.

5 ಲಕ್ಷಕ್ಕೆ ಮೇಲ್ಸೇತುವೆ ಬರುವುದಿಲ್ಲ. ಆದರೆ ಜೀಬ್ರಾ ಪಟ್ಟಿ ಬರುತ್ತದೆ, ಫುಟ್‌ಪಾತಿನ ತುದಿಗೆ ಇಳಿಜಾರು ಬರುತ್ತದೆ, ಬಸ್ ನಿಲ್ದಾಣಕ್ಕೆ ಬೆಂಚು, ನೆರಳು, ದೀಪ ಬರುತ್ತವೆ. ಔಷಧ ಅಂಗಡಿಯಿಂದ ನೋಡಿದರೆ ಇವು ಸಣ್ಣ ಕೆಲಸಗಳಲ್ಲ. ಪ್ರಾಸ್ಟೇಟ್ ತೊಂದರೆಗೆ ಟ್ಯಾಮ್ಸುಲೋಸಿನ್ ತೆಗೆದುಕೊಳ್ಳುವ ಹಿರಿಯರಿಗೆ ಎದ್ದು ನಿಂತಾಗ ತಲೆ ಸುತ್ತುತ್ತದೆ ಎಂದು ನಾವು ಎಚ್ಚರಿಸುತ್ತೇವೆ. ಅವರಿಗೆ ನಿಲ್ದಾಣದಲ್ಲಿ ಕೂರಲು ಬೆಂಚು, ಏರಲು ತಗ್ಗು ಮೆಟ್ಟಿಲು ಬೇಕು. ಇನ್ಸುಲಿನ್ ಚೀಲ ಹಿಡಿದವರನ್ನು ಮೇ ತಿಂಗಳ ಬಿಸಿಲಲ್ಲಿ ನೆರಳಿಲ್ಲದೆ ಅರ್ಧ ಗಂಟೆ ನಿಲ್ಲಿಸಿದರೆ ಔಷಧದ ಗತಿ ಏನು? ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾನದಂಡ ಫುಟ್‌ಪಾತಿನ ಎತ್ತರ 150 ಮಿಲಿಮೀಟರ್ ಮೀರಬಾರದು, ಅಡೆತಡೆ ಇಲ್ಲದ ಅಗಲ ಕನಿಷ್ಠ 1.8 ಮೀಟರ್ ಇರಬೇಕು ಎನ್ನುತ್ತದೆ. ನಿಮ್ಮ ಬೀದಿಯದನ್ನು ಒಂದು ಟೇಪಿನಿಂದ ಅಳೆದು ನೋಡಿ.

ಸದಸ್ಯರಿಲ್ಲದ ವರ್ಷಗಳಲ್ಲಿ ಕೆಲಸ ನಿಂತಿತ್ತೇ?

ಇಲ್ಲ. ಇದನ್ನು ಪ್ರಾಮಾಣಿಕವಾಗಿ ಹೇಳಬೇಕು. ಕೇಂದ್ರ ಸರ್ಕಾರದ 'ಸ್ಟ್ರೀಟ್ಸ್ ಫಾರ್ ಪೀಪಲ್' ಸ್ಪರ್ಧೆಯಲ್ಲಿ 2022ರ ಜನವರಿಯಲ್ಲಿ ಗೆದ್ದ 11 ನಗರಗಳಲ್ಲಿ ಆಗಿನ ಔರಂಗಾಬಾದ್ ಕೂಡ ಒಂದು. ಬೆಂಗಳೂರು, ಪುಣೆ, ನಾಗಪುರಗಳ ಜೊತೆಗೆ. ಕ್ರಾಂತಿ ಚೌಕದ ರಸ್ತೆ, ಸಿಡ್ಕೋದ ಕನಾಟ್ ಪ್ಲೇಸ್ ಇಂಥ ಕಡೆ ಬಣ್ಣ, ಕೋನ್, ಕುಂಡ ಇಟ್ಟು ನಡೆಯುವವರಿಗೆ ಜಾಗ ಬಿಡಿಸುವ ಪ್ರಯೋಗ ನಡೆಯಿತು. ನಗರದ ಸ್ಮಾರ್ಟ್ ಸಿಟಿ ಕಂಪನಿ ಮಾಡಿದ ಒಳ್ಳೆಯ ಕೆಲಸ ಅದು, ಆಗ ಒಬ್ಬ ನಗರಸೇವಕನೂ ಅಧಿಕಾರದಲ್ಲಿ ಇರಲಿಲ್ಲ. ನಗರಸೇವಕರು ಅಡ್ಡಗಾಲು ಹಾಕದಿದ್ದುದರಿಂದಲೇ ಆಯಿತು ಎನ್ನುವವರೂ ಇದ್ದಾರೆ. ಅದರಲ್ಲಿ ಸ್ವಲ್ಪ ನಿಜವೂ ಇದೆ.

ಅದೇ ನಗರದ ಇನ್ನೊಂದು ಚಿತ್ರ ನೋಡಿ. 2025ರ ಜೂನ್‌ನಿಂದ ಮುಕುಂದವಾಡಿ, ಬೀಡ್ ಬೈಪಾಸ್, ಪೈಠಣ ರಸ್ತೆ, ಪಡೇಗಾಂವ್ ಕಡೆಗಳಲ್ಲಿ ರಸ್ತೆ ಅಗಲೀಕರಣಕ್ಕಾಗಿ ದೊಡ್ಡ ತೆರವು ಕಾರ್ಯಾಚರಣೆ ನಡೆಯಿತು. ಅಂಗಡಿ, ಮನೆಗಳು ಸಾಲಾಗಿ ಉರುಳಿದವು. ರಸ್ತೆ ಅಗಲವಾಗಬೇಕಿತ್ತು ಎಂಬುದರಲ್ಲಿ ತಕರಾರು ಇಲ್ಲ ಎಂದುಕೊಳ್ಳಿ. ಆದರೂ ಅಷ್ಟು ಜನರ ಬದುಕು ಮುಟ್ಟುವ ನಿರ್ಧಾರದ ಬಗ್ಗೆ ಸಭೆಯಲ್ಲಿ ಎದ್ದು ನಿಂತು, ಅಗಲವಾದ ರಸ್ತೆಯಲ್ಲಿ ನಡೆಯುವವರ ಪಾಲೆಷ್ಟು, ಬಸ್ ನಿಲ್ದಾಣ ಎಲ್ಲಿ, ದಾಟುವ ಜಾಗ ಎಲ್ಲಿ ಎಂದು ಕೇಳಲು ಯಾರೂ ಇರಲಿಲ್ಲ. ರಸ್ತೆ ಅಗಲವಾದರೆ ವೇಗ ಹೆಚ್ಚುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಸರಾಸರಿ ವೇಗ ಶೇ 1ರಷ್ಟು ಏರಿದರೆ ಸಾವು ತರುವ ಅಪಘಾತದ ಅಪಾಯ ಶೇ 4ರಷ್ಟು ಏರುತ್ತದೆ. ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತ 1,68,491 ಜನರಲ್ಲಿ 32,825 ಮಂದಿ ಪಾದಚಾರಿಗಳು. ಐವರಲ್ಲಿ ಒಬ್ಬರು ಎಂದರೆ ತಪ್ಪಾಗದು.

ಎರಡು ನಗರಗಳನ್ನು ಜೋಡಿಸುವ ರಸ್ತೆಯ ಮೇಲೆಯೇ ಆ ವರ್ಷದ ಒಂದು ಘೋರ ದುರಂತ ನಡೆಯಿತು. 2022ರ ಅಕ್ಟೋಬರ್ 8ರ ನಸುಕು. ಯವತ್ಮಾಳದಿಂದ ಮುಂಬೈಗೆ ಹೊರಟಿದ್ದ ಖಾಸಗಿ ಸ್ಲೀಪರ್ ಬಸ್ಸು ನಾಸಿಕ್‌ನ ಮಿರ್ಚಿ ಹೋಟೆಲ್ ಚೌಕದಲ್ಲಿ ಲಾರಿಗೆ ಡಿಕ್ಕಿಯಾಗಿ ಹೊತ್ತಿಕೊಂಡಿತು. 12 ಜನ ಸತ್ತರು. ಆಮೇಲೆ ಮುಖ್ಯಮಂತ್ರಿ ಬಂದರು, ಒತ್ತುವರಿ ತೆರವು ಶುರುವಾಯಿತು, ನಗರದ ಅಪಾಯಕಾರಿ ಚೌಕಗಳ ಪಟ್ಟಿ ಚರ್ಚೆಗೆ ಬಂತು. ನಗರಸೇವಕರು ಇದ್ದಿದ್ದರೆ ಇದು ತಪ್ಪುತ್ತಿತ್ತು ಎಂದು ನಾನು ಹೇಳುವುದಿಲ್ಲ; ಅವರು ಇದ್ದ ವರ್ಷಗಳಲ್ಲೂ ಆ ಚೌಕ ಇತ್ತು. ನನ್ನ ಮಾತು ಇಷ್ಟೇ: ಅಪಾಯದ ಚೌಕ ಯಾವುದು ಎಂದು ಸುತ್ತಲಿನ ಅಂಗಡಿಯವರಿಗೆ, ಶಾಲೆ ಮಕ್ಕಳ ತಾಯಂದಿರಿಗೆ ಮೊದಲೇ ಗೊತ್ತಿರುತ್ತದೆ. ಆ ತಿಳಿವಳಿಕೆ ಪಾಲಿಕೆಯ ಕಡತಕ್ಕೆ ಹೋಗುವ ದಾರಿ ಬೇಕು. ಹನ್ನೆರಡು ಸಾವು ಆ ದಾರಿ ಆಗಬಾರದು.

ಬಸ್ಸು ಯಾರದು?

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ ಗೊಂದಲ ಹೆಚ್ಚು. ನಾಸಿಕ್‌ನಲ್ಲಿ ಮೊದಲು ನಗರ ಸಾರಿಗೆ ನಡೆಸುತ್ತಿದ್ದದ್ದು ರಾಜ್ಯದ ಎಸ್‌ಟಿ ಸಂಸ್ಥೆ. 2021ರ ಜುಲೈ 8ರಿಂದ ಪಾಲಿಕೆಯ 'ಸಿಟಿಲಿಂಕ್' ಬಸ್ಸುಗಳು ಬಂದವು. ಅವನ್ನು ನಡೆಸುವುದು ನಾಸಿಕ್ ಮಹಾನಗರ ಪರಿವಹನ ಮಹಾಮಂಡಳ ಎಂಬ ಪಾಲಿಕೆಯ ಕಂಪನಿ. ಬಸ್ಸು ಮತ್ತು ಚಾಲಕರು ಗುತ್ತಿಗೆದಾರರವರು. ಓಡಿದ ಪ್ರತಿ ಕಿಲೋಮೀಟರಿಗೆ ಇಷ್ಟು ಎಂದು ಅವರಿಗೆ ಹಣ ಹೋಗುತ್ತದೆ, ಟಿಕೆಟ್ ಹಣ ಕಂಪನಿಗೆ ಬರುತ್ತದೆ, ನಡುವಿನ ನಷ್ಟವನ್ನು ಪಾಲಿಕೆ ತುಂಬುತ್ತದೆ. ಗುತ್ತಿಗೆಯವರ ಕೆಳಗಿನ ನೌಕರರು ವೇತನ ಬಾಕಿಗಾಗಿ ಹಲವು ಬಾರಿ ಮುಷ್ಕರ ಹೂಡಿದ್ದಾರೆ, ದಿನಗಟ್ಟಲೆ ಬಸ್ಸು ನಿಂತಿದೆ. ಅಂಥ ದಿನ ತ್ರ್ಯಂಬಕ್ ರಸ್ತೆಯ ಜಿಲ್ಲಾ ಆಸ್ಪತ್ರೆಗೆ ಹೋಗಬೇಕಾದ ಬಡ ರೋಗಿ ರಿಕ್ಷಾಕ್ಕೆ ಹಣ ಹೊಂದಿಸಬೇಕು, ಇಲ್ಲವೇ ಮುಂದಿನ ವಾರ ಹೋಗಬೇಕು. ಮುಂದಿನ ವಾರ ಎಂದರೆ ಔಷಧದ ಪಟ್ಟಿ ಖಾಲಿಯಾದ ಒಂದು ವಾರ.

ಸಂಭಾಜಿನಗರದಲ್ಲಿ ನಗರ ಬಸ್ಸು ಸ್ಮಾರ್ಟ್ ಸಿಟಿ ಕಂಪನಿಯ ಕೂಸು. ಸ್ಮಾರ್ಟ್ ಸಿಟಿ ಯೋಜನೆಯೇ 2025ರ ಮಾರ್ಚ್ 31ಕ್ಕೆ ಮುಗಿಯಿತು. ಕೂಸನ್ನು ಮುಂದೆ ಸಾಕುವವರು ಯಾರು, ಯಾವ ಹಣದಿಂದ ಎಂಬ ಪ್ರಶ್ನೆ ಈಗ ಹೊಸ ಸಭೆಯ ಮುಂದಿದೆ. ಮರಾಠವಾಡದ ಮೂಲೆಮೂಲೆಯಿಂದ ಜನ ಬರುವ, ಎಲ್ಲರೂ 'ಘಾಟಿ' ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಈ ನಗರದಲ್ಲಿದೆ. ರೈಲು ನಿಲ್ದಾಣ, ಎಸ್‌ಟಿ ನಿಲ್ದಾಣದಲ್ಲಿ ಇಳಿದವರಿಗೆ ಅಲ್ಲಿಗೆ ಹೋಗಲು ಕೈಗೆಟಕುವ ಬಸ್ಸು ಇದೆಯೇ ಎಂಬುದು ಆಸ್ಪತ್ರೆಯಲ್ಲಿ ಎಷ್ಟು ಹಾಸಿಗೆ ಇವೆ ಎಂಬಷ್ಟೇ ಆರೋಗ್ಯದ ವಿಷಯ.

ನಷ್ಟದ ಮಾತು ಬಂದಾಗ ನಗರಸೇವಕರು ಏನು ಮಾಡುತ್ತಾರೆ ಎಂಬುದನ್ನು ಗಮನಿಸಿ. ಬಸ್ಸಿನ ನಷ್ಟ ಎಂದು ಪತ್ರಿಕೆಗಳು ಬರೆಯುತ್ತವೆ. ರಸ್ತೆಯ ನಷ್ಟ ಎಂದು ಯಾರೂ ಬರೆಯುವುದಿಲ್ಲ, ರಸ್ತೆಯಿಂದ ಒಂದು ರೂಪಾಯಿ ಟಿಕೆಟ್ ಬರದಿದ್ದರೂ. ನಷ್ಟದ ಮಾರ್ಗ ಎಂದು ರದ್ದು ಮಾಡುವ ಮೊದಲು ಆ ಮಾರ್ಗದಲ್ಲಿ ಆಸ್ಪತ್ರೆ, ಡಯಾಲಿಸಿಸ್ ಕೇಂದ್ರ ಇದೆಯೇ ಎಂದು ಸಭೆಯಲ್ಲಿ ಕೇಳಬೇಕಾದದ್ದು ಅವರ ಕೆಲಸ.

ಇವರ ತಪ್ಪುಗಳೂ ಇವೆ

ನಗರಸೇವಕರನ್ನು ಹೊಗಳಲು ನಾನು ಇಲ್ಲಿ ಕೂತಿಲ್ಲ. ವಾರ್ಡಿಗೆ ಬರುವ ಹಣ ಎಷ್ಟೋ ಕಡೆ ಸ್ವಾಗತ ಕಮಾನು, ಪೇವರ್ ಬ್ಲಾಕ್, ಹೆಸರಿನ ಫಲಕಕ್ಕೆ ಹೋಗುತ್ತದೆ. ಮೂರು ವರ್ಷ ಹಳೆಯ ಪೇವರ್ ಕಿತ್ತು ಹೊಸದು ಹಾಕುವುದು ಯಾವ ರೋಗಕ್ಕೆ ಮದ್ದೋ ನನಗೆ ತಿಳಿಯದು. ಮತದಾರರು ಕೇಳಿದರು ಎಂದು ಗಲ್ಲಿಗಲ್ಲಿಗೂ ಗೋಡೆಯಂಥ ಉಬ್ಬು ಹಾಕಿಸುವುದು ಇನ್ನೊಂದು ಚಟ. ಸರಿಯಾದ ಉಬ್ಬಿಗೆ ಅಳತೆ ಇದೆ: 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, ಮೊದಲೇ ಎಚ್ಚರಿಕೆ ಫಲಕ. ರಾತ್ರೋರಾತ್ರಿ ಸುರಿದ ಡಾಂಬರಿನ ಗುಡ್ಡೆ ಬೈಕಿನಲ್ಲಿ ಹಿಂದೆ ಕೂತ ಮೂಳೆಸವೆತದ ಹೆಂಗಸಿನ ಬೆನ್ನುಮೂಳೆಗೆ ಏನು ಮಾಡುತ್ತದೆ ಎಂದು ನೋವಿನ ಮಾತ್ರೆ ಕೊಡುವವರನ್ನು ಕೇಳಿ.

ಧೂಳಿನದ್ದೂ ಹೀಗೆಯೇ. ನಾಸಿಕ್ ಮತ್ತು ಸಂಭಾಜಿನಗರ ಎರಡೂ 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿವೆ. ಅಗೆದ ರಸ್ತೆಯನ್ನು ತಿಂಗಳುಗಟ್ಟಲೆ ಹಾಗೇ ಬಿಟ್ಟು ಆಮೇಲೆ ಗುಡಿಸುವ ಯಂತ್ರ ಕೊಳ್ಳುವುದು ತಲೆಕೆಳಗಾದ ಚಿಕಿತ್ಸೆ. 2027ರ ಸಿಂಹಸ್ಥ ಕುಂಭಮೇಳಕ್ಕಾಗಿ ನಾಸಿಕ್ ತುಂಬ ಕಾಮಗಾರಿ. ಅದಕ್ಕಾಗಿ ರಾಜ್ಯ ಸರ್ಕಾರ ಪ್ರತ್ಯೇಕ ಪ್ರಾಧಿಕಾರವನ್ನೇ ರಚಿಸಿದೆ. 2025ರ ಕೊನೆಯಲ್ಲಿ ತಪೋವನದ ಮರಗಳನ್ನು ಕಡಿಯುವ ಪ್ರಸ್ತಾವಕ್ಕೆ ಜನ ಬೀದಿಗಿಳಿದು ವಿರೋಧಿಸಿದಾಗ ಪಾಲಿಕೆಯಲ್ಲಿ ಚುನಾಯಿತ ಸಭೆ ಇರಲಿಲ್ಲ. ಈಗ ಸಭೆ ಇದ್ದರೂ ಪ್ರಾಧಿಕಾರದ ನಿರ್ಧಾರಗಳು ಅದರ ಮುಂದೆ ಎಷ್ಟು ಬರುತ್ತವೆ ಎಂಬುದನ್ನು ಕಾದು ನೋಡಬೇಕು. ಆಸ್ತಮಾ ಇರುವವರು ಅಲ್ಲಿಯವರೆಗೆ ಇನ್‌ಹೇಲರ್ ಜೇಬಿನಲ್ಲೇ ಇಟ್ಟುಕೊಳ್ಳಿ, ತಡೆಗಟ್ಟುವ ಇನ್‌ಹೇಲರನ್ನು ದಿನವೂ ತಪ್ಪಿಸಬೇಡಿ.

ಹಾಗಾದರೆ ನೀವು ಏನು ಕೇಳಬೇಕು?

ಮೊದಲು ರಸ್ತೆ ಯಾರದು ಎಂದು ತಿಳಿಯಿರಿ. ನಾಸಿಕ್‌ನ ದ್ವಾರಕಾ ಚೌಕದಲ್ಲಿ ಮುಂಬೈ–ಆಗ್ರಾ ಹೆದ್ದಾರಿ ಹಾದುಹೋಗುತ್ತದೆ. ಅಲ್ಲಿ ಹೆದ್ದಾರಿ ಪ್ರಾಧಿಕಾರ, ಸಂಚಾರ ಪೊಲೀಸ್, ಪಾಲಿಕೆ ಮೂವರ ಕೈಯೂ ಸೇರಬೇಕು. ಸಿಗ್ನಲ್ ನಡೆಸುವುದು, ವೇಗಕ್ಕೆ ದಂಡ ಹಾಕುವುದು ಪೊಲೀಸರ ಕೆಲಸ. ಸಂಭಾಜಿನಗರದ ವಾಳೂಜ್ ಕೈಗಾರಿಕಾ ಪ್ರದೇಶ ಪಾಲಿಕೆಯ ಗಡಿಯ ಹೊರಗಿದೆ. ನಿಮ್ಮ ನಗರಸೇವಕರ ಕೈಗೆ ಎಟುಕದ್ದನ್ನು ಕೇಳಿದರೆ ಅವರಿಗೆ ನುಣುಚಿಕೊಳ್ಳಲು ನೀವೇ ಬಾಗಿಲು ತೆರೆದಂತೆ.

ಇನ್ನೊಂದು ತೊಡಕು: ಈ ನಗರಗಳಲ್ಲಿ ಒಂದು ಪ್ರಭಾಗಕ್ಕೆ ಸಾಮಾನ್ಯವಾಗಿ ನಾಲ್ವರು ಸದಸ್ಯರು. ಬೆಂಗಳೂರು, ಮೈಸೂರಿನಿಂದ ಹೋದವರಿಗೆ ಇದು ಹೊಸದು. ಒಬ್ಬರಿಗೆ ಹೇಳಿದರೆ ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ. ಆದ್ದರಿಂದ ಒಂದೇ ಪತ್ರದ ನಾಲ್ಕು ಪ್ರತಿ ಮಾಡಿ, ನಾಲ್ವರ ಹೆಸರನ್ನೂ ಎಲ್ಲ ಪ್ರತಿಗಳಲ್ಲಿ ಬರೆಯಿರಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಒಂದು ಪ್ರತಿ ವಿಭಾಗ ಕಚೇರಿಗೆ.

ಪತ್ರದಲ್ಲಿ 'ರಸ್ತೆ ಸುಧಾರಣೆ ಮಾಡಿ' ಎಂದು ಬರೆಯಬೇಡಿ. ಅದಕ್ಕೆ ಉತ್ತರವಾಗಿ ಡಾಂಬರು ಬರುತ್ತದೆ. ಇಂಥ ಆಸ್ಪತ್ರೆಯ ಎದುರಿನ ಬಸ್ ನಿಲ್ದಾಣದಲ್ಲಿ ಇಷ್ಟು ಬೆಂಚು, ನೆರಳು. ನೂರು ಹೆಜ್ಜೆಯೊಳಗೆ ಹೆಂಗಸರಿಗೂ ಗಾಲಿಕುರ್ಚಿಗೂ ಆಗುವ ಶೌಚಾಲಯ. ಇಂಥ ಕಡೆ ದಾಟುವ ಪಟ್ಟಿ. ಹೀಗೆ ಬರೆಯಿರಿ, ಅಳತೆ ಮತ್ತು ಫೋಟೋ ಜೊತೆಗಿಡಿ. ಬೇಕಿದ್ದರೆ 2025ರ ಮೇ 14ರಂದು ಸುಪ್ರೀಂ ಕೋರ್ಟ್ ಅಡೆತಡೆ ಇಲ್ಲದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಹೇಳಿರುವುದನ್ನು ಒಂದು ಸಾಲಿನಲ್ಲಿ ಸೇರಿಸಿ. ಸಮಯವೂ ಮುಖ್ಯ. ಹಣಕಾಸು ವರ್ಷ ಏಪ್ರಿಲ್ 1ಕ್ಕೆ ಶುರು; ಬಜೆಟ್ ಚರ್ಚೆ ಅದಕ್ಕೆ ಮೊದಲಿನ ತಿಂಗಳುಗಳಲ್ಲಿ. ಬಜೆಟ್‌ನಲ್ಲಿ ತಲೆಬರಹ ಇಲ್ಲದ ಕೆಲಸಕ್ಕೆ ಪ್ರಭಾಗ ಸಮಿತಿ ಮನಸ್ಸು ಮಾಡಿದರೂ ಹಣ ಕೊಡಲಾಗದು.

ಔಷಧ ಅಂಗಡಿಯವರು, ದವಾಖಾನೆಯವರು ಸಹಿ ಹಾಕಿದ ಪತ್ರಕ್ಕೆ ತೂಕ ಹೆಚ್ಚು ಎಂದು ನನ್ನ ಅನುಭವ. ರೋಗಿಗಳು ಯಾವ ನಿಲ್ದಾಣದಲ್ಲಿ ಇಳಿದು ಬರುತ್ತಾರೆ, ಯಾರು ಬಸ್ಸಿಲ್ಲವೆಂದು ಔಷಧ ತಪ್ಪಿಸುತ್ತಾರೆ ಎಂಬುದು ನಮಗೆ ಗೊತ್ತಿರುತ್ತದೆ. ನಿಮ್ಮ ಅಂಗಡಿಯವರನ್ನು ಕೇಳಿ ನೋಡಿ, ಬಹುಪಾಲು ಮಂದಿ ಇಲ್ಲ ಎನ್ನುವುದಿಲ್ಲ.

ಆ ಅಜ್ಜಿಯ ವಿಷಯಕ್ಕೆ ಬಂದರೆ, ಅವರ ಡಾಕ್ಟರಿಗೆ ನಾನೇ ಫೋನ್ ಮಾಡಿದೆ. ಪ್ರಯಾಣದ ದಿನ ಮಾತ್ರೆಯನ್ನು ಮಧ್ಯಾಹ್ನ ಮನೆಗೆ ಬಂದ ಮೇಲೆ ತೆಗೆದುಕೊಳ್ಳಲಿ ಎಂದರು. ಚೀಟಿಯ ಮೇಲೆ ಕನ್ನಡದಲ್ಲಿ ಬರೆದುಕೊಟ್ಟೆ. ನಿಲ್ದಾಣದ ಶೌಚಾಲಯಕ್ಕೆ ಎಲ್ಲಿ ಬರೆಯಬೇಕು ಎಂದು ಆಗ ನನಗೂ ಗೊತ್ತಿರಲಿಲ್ಲ.